ಸೋಮವಾರದ ಮೊದಲೆರಡು ಕೊಡ

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ನಂಜನಗೂಡಿನ ಒಂದು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಹಿರಿಯ ವಿಶ್ಲೇಷಕಿಯಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಎಷ್ಟು ಬಾಟಲಿ ನೀರು ನೋಡಿದ್ದೇನೋ ಆ ನಂಜುಂಡನಿಗೇ ಗೊತ್ತು. ಬೆನ್ನ ಹಿಂದೆ ನನ್ನನ್ನು ‘ಮೆಣಸಿನಕಾಯಿ ಮೇಡಂ’ ಎನ್ನುತ್ತಿದ್ದರು. ಹೆಸರಿಟ್ಟವರು ನನ್ನ ಸಿಬ್ಬಂದಿಯೇ, ಇಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಇದೆ. ಆ ಕೋಪದಿಂದ ಎಷ್ಟೋ ಸೋಮಾರಿಗಳನ್ನು ದಾರಿಗೆ ತಂದಿದ್ದೇನೆ. ಅದೇ ಕೋಪದಿಂದ ಒಬ್ಬ ಹೆಂಗಸಿನ ಮರ್ಯಾದೆಯನ್ನೂ ಕಳೆದಿದ್ದೇನೆ. ಈ ಬರಹ ಆ ಎರಡನೆಯದರ ಬಗ್ಗೆ.

ಊರು ಟಿ. ನರಸೀಪುರ ತಾಲ್ಲೂಕಿನದು. ಮೂಗೂರು ದಾಟಿ ಒಳದಾರಿ ಹಿಡಿಯಬೇಕು. ಹೆಸರು ಹೇಳುವುದಿಲ್ಲ. ಆ ಊರಿನ ಕೊಳವೆಬಾವಿಯಲ್ಲಿ ಯುರೇನಿಯಂ ಇದೆ ಅಂತ ಸುದ್ದಿ ಹಬ್ಬಿದ ವಾರವೇ ಹೆಣ್ಣು ನೋಡಲು ಬರಬೇಕಿದ್ದ ಒಂದು ಗಂಡಿನ ಕಡೆಯವರು ‘ಬಾಂಬು ಮಾಡೋ ನೀರು ಕುಡುದೋರ ಸಂಬಂಧ ನಮಗೆ ಬ್ಯಾಡ’ ಅಂತ ಫೋನಿನಲ್ಲೇ ಕೈ ತೊಳೆದುಕೊಂಡಿದ್ದರು. ಅದರ ಮೇಲೆ ನಾನೂ ಪುಸ್ತಕದಲ್ಲಿ ಹೆಸರು ಅಚ್ಚು ಹಾಕಿಸುವುದು ಬೇಡ.

ಸತ್ಯ ಏನೆಂದರೆ ಆ ಯುರೇನಿಯಂ ಯಾರೂ ತಂದು ಸುರಿದದ್ದಲ್ಲ. ನಮ್ಮ ಕಡೆಯ ಕಲ್ಲಿನಲ್ಲೇ ಅದು ಅಲ್ಪಸ್ವಲ್ಪ ಇದೆ. ಬೋರು ಆಳಕ್ಕೆ ಹೋದಷ್ಟೂ ನೀರು ಹೆಚ್ಚು ಕಾಲ ಕಲ್ಲಿನ ಜೊತೆ ಇದ್ದು ಅದನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಮೂವತ್ತು ಮೈಕ್ರೊಗ್ರಾಂ ದಾಟಬಾರದು. ಮೈಕ್ರೊಗ್ರಾಂ ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಆ ಊರಿನ ಬೋರಿನಲ್ಲಿ ಎಂಬತ್ನಾಲ್ಕು ಇತ್ತು. ವಿಕಿರಣ ಅಂತ ಜನ ಹೆದರುತ್ತಾರೆ, ಆದರೆ ಇಷ್ಟು ಪ್ರಮಾಣದಲ್ಲಿ ವಿಕಿರಣಕ್ಕಿಂತ ಮೊದಲು ಕೆಡುವುದು ಕಿಡ್ನಿ. ಸೀಸ ಹೇಗೆ ವಿಷವೋ ಇದೂ ಹಾಗೆಯೇ ವಿಷ.

ಮೈಸೂರಿನ ಒಂದು ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರು ಡಾ. ನಾಗಭೂಷಣ. ಅವರು ಈ ಲೋಹವನ್ನು ಹಿಡಿಯುವ ನ್ಯಾನೊ ಹಾಳೆಗಳ ಮೇಲೆ ಕೆಲಸ ಮಾಡುತ್ತಿದ್ದರು. ನ್ಯಾನೊ ಹಾಳೆ ಅಂದರೆ ಮಾಯ ಮಂತ್ರವಲ್ಲ. ಟೈಟಾನಿಯಂ ಆಕ್ಸೈಡನ್ನು ಈರುಳ್ಳಿ ಬಿಡಿಸಿದ ಹಾಗೆ ಪದರ ಪದರ ಬಿಡಿಸುತ್ತಾರೆ. ಕೊನೆಗೆ ಉಳಿಯುವುದು ಕೆಲವೇ ಪರಮಾಣುಗಳಷ್ಟು ದಪ್ಪದ ಹಾಳೆ. ದಪ್ಪವೇ ಇಲ್ಲದ್ದರಿಂದ ಚಿಟಿಕೆ ಪುಡಿಯಲ್ಲೂ ಅಗಾಧ ಮೇಲ್ಮೈ ಸಿಗುತ್ತದೆ, ನೀರಿನ ಯುರೇನಿಯಂ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ಹಾಳೆಗಳು ನೀರಿನ ಜೊತೆ ಹೋಗದಂತೆ ಅವನ್ನು ಸಣ್ಣ ಮಣಿಗಳ ಮೇಲೆ ಕೂರಿಸಿ, ಆಳೆತ್ತರದ ಸ್ಟೀಲ್ ಕೊಳವೆಯಲ್ಲಿ ತುಂಬಿದ್ದರು. ಪ್ರಾಯೋಗಿಕವಾಗಿ ಅದನ್ನು ಊರಿನ ನೀರಿನ ಘಟಕಕ್ಕೆ ಜೋಡಿಸಿದರು. ಉಸ್ತುವಾರಿಗೆ ನನ್ನನ್ನು ಹಾಕಿದರು. ನಾಗಭೂಷಣ ಪ್ರತಿ ಗುರುವಾರ ತಾವೇ ಬಂದು ನೀರು ಹಿಡಿದು ನಮ್ಮ ಲ್ಯಾಬಿಗೆ ಕೊಡುತ್ತಿದ್ದರು. ಒಳಗೆ ಹೋಗುವ ನೀರಿನಲ್ಲಿ ಎಂಬತ್ನಾಲ್ಕು, ಹೊರಗೆ ಬರುವ ನೀರಿನಲ್ಲಿ ಆರು. ವಾರ ವಾರ ಅದೇ ಆರು, ಏಳು. ಇಪ್ಪತ್ತೊಂಬತ್ತು ವರ್ಷ ಬರೀ ‘ಕುಡಿಯಲು ಯೋಗ್ಯವಲ್ಲ’ ಅಂತ ಬರೆದು ಬರೆದು ಬೇಸತ್ತಿದ್ದ ನನಗೆ ಆ ಆರು ನೋಡಿ ಹೊಟ್ಟೆ ತುಂಬಿತ್ತು.

ಘಟಕ ನೋಡಿಕೊಳ್ಳುತ್ತಿದ್ದವಳು ಪುಟ್ಟಮ್ಮಣ್ಣಿ. ಐವತ್ತರ ಆಸುಪಾಸು, ಹಣೆಯಲ್ಲಿ ಅಡ್ಡ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ನಾನು ಮೊದಲ ಸಲ ಹೋದ ದಿನವೇ ನಮ್ಮಿಬ್ಬರಿಗೂ ಆಗಲಿಲ್ಲ. ಬಾಗಿಲಲ್ಲೇ ಕೈ ಅಡ್ಡ ಹಿಡಿದಳು.

“ಚಪ್ಲಿ ಬುಟ್ಟು ಬನ್ನಿ ಮೇಡಮ್ಮೋರೆ.”

“ಇದೇನು ದೇವಸ್ಥಾನವೇನಮ್ಮ? ನನಗೆ ಕೆಲಸ ಇದೆ.”

“ಕುಡಿಯೋ ನೀರು ದ್ಯಾವ್ರಲ್ವಾ? ನೀವು ಓದ್ದೋರು, ನಿಮ್ಗ ಯೋಳ್ಬೇಕಾ?”

ನನ್ನ ಜೊತೆ ಬಂದಿದ್ದ ಲ್ಯಾಬಿನ ಸಿಬ್ಬಂದಿ ನಕ್ಕರು. ನಾನು ಚಪ್ಪಲಿ ಬಿಟ್ಟೇ ಒಳಗೆ ಹೋದೆ, ಆದರೆ ಒಳಗೊಳಗೆ ಕುದಿದೆ. ಆ ಘಟಕ ಮಾತ್ರ ಕನ್ನಡಿಯ ಹಾಗಿತ್ತು. ನಲ್ಲಿ, ನೆಲ, ಟ್ಯಾಂಕಿನ ಮುಚ್ಚಳ ಎಲ್ಲ ಫಳಫಳ. ಹೊಗಳಬೇಕಿತ್ತು. ಹೊಗಳಲಿಲ್ಲ. ಬದಲಿಗೆ ಗೋಡೆಗೆ ಅಂಟಿಸಿದ್ದ ಸೂಚನಾ ಪತ್ರ ಓದಿದ್ದೀಯಾ ಅಂತ ಗದರಿಸಿದೆ. ಓದಿದ್ದೀನಿ ಅಂದಳು. ಆ ಪತ್ರ ನಾಗಭೂಷಣ ಬರೆದದ್ದು, ಕೆಳಗಿನ ಸಹಿ ನನ್ನದು. ಅದರ ನಾಲ್ಕನೆಯ ಸಾಲು ಹೀಗಿತ್ತು: ‘ಕೊಳವೆಯನ್ನು ವಾರಕ್ಕೊಮ್ಮೆ ಚೆನ್ನಾಗಿ ತೊಳೆಯಬೇಕು.’ ಇದನ್ನು ನೆನಪಿಟ್ಟುಕೊಳ್ಳಿ.

ಎರಡು ತಿಂಗಳ ಹೊತ್ತಿಗೆ ಪಂಚಾಯಿತಿ ಅಧ್ಯಕ್ಷರಿಂದ ದೂರು ಬಂತು. ಪುಟ್ಟಮ್ಮಣ್ಣಿ ಬೆಳಿಗ್ಗೆ ಘಟಕ ತೆರೆಯುವ ಮೊದಲೇ ಟೋಕನ್ ಇಲ್ಲದೆ ತುಂಬಿದ ಕೊಡಗಳನ್ನು ಮನೆಗೆ ಹೊರುತ್ತಾಳೆ, ಊರಿಗೆ ಕೊಡುವ ನೀರೂ ಸರಿಯಿಲ್ಲ, ರುಚಿ ಕೆಟ್ಟಿದೆ ಅಂತ. ಅಧ್ಯಕ್ಷರಿಗೆ ಆ ಕೆಲಸ ತಮ್ಮ ನಾದಿನಿಗೆ ಬೇಕಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಆಗಲೇ ಗೊತ್ತಿದ್ದರೂ ನಾನು ಬೇರೆ ಏನು ಮಾಡುತ್ತಿದ್ದೆನೋ ಕಾಣೆ. ನನಗೂ ಅವಳ ಮೇಲೆ ಒಂದು ಕಣ್ಣಿತ್ತು.

ಯಾರಿಗೂ ತಿಳಿಸದೆ ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಹೋದೆ. ದೂರಿನಲ್ಲಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಅವಳು ಬೀದಿ ತಿರುಗುತ್ತಿದ್ದಳು. ನನ್ನನ್ನು ನೋಡಿ ಒಂದು ಗಳಿಗೆ ನಿಂತು, ಹಾಗೇ ನಡೆದುಬಿಟ್ಟಳು. ನಾನು ಸೀದಾ ಒಳಗೆ ಹೋಗಿ ನಲ್ಲಿಯಿಂದ ಎರಡು ಬಾಟಲಿ ಹಿಡಿದೆ. ಚಪ್ಪಲಿ ಬಿಡಲಿಲ್ಲ, ಬೇಕೆಂದೇ ಬಿಡಲಿಲ್ಲ. ಹಿಂಭಾಗದಲ್ಲಿ ದನದ ತೊಟ್ಟಿಗೆ ಬೋರಿನ ನೀರು ನೇರವಾಗಿ ಬಿಡುವ ಒಂದು ವಾಲ್ವು ಇತ್ತು. ಅದು ತೇವವಾಗಿತ್ತು. ಕಳ್ಳಿ ಸಿಕ್ಕಳು ಅಂದುಕೊಂಡೆ. ಒಳ್ಳೆಯ ನೀರು ತನ್ನ ಮನೆಗೆ, ಊರಿಗೆ ಈ ವಾಲ್ವಿನಿಂದ ಬೋರಿನ ನೀರು.

ನಂಜನಗೂಡಿಗೆ ಬಂದು ಫ್ಲೋರಿಮೀಟರಿಗೆ ಹಾಕಿದೆ. ನೀರಿನ ಮೇಲೆ ಬೆಳಕು ಬಿಟ್ಟು, ಅದು ಹೊಳೆಯುವುದನ್ನು ಅಳೆದು ಯುರೇನಿಯಂ ಎಷ್ಟಿದೆ ಅಂತ ಹೇಳುವ ಯಂತ್ರ ಅದು. ಅಂಕಿ ನೋಡಿ ನನ್ನ ಸಹಾಯಕಿ “ಮೇಡಂ, ಇನ್ನೊಂದ್ ಸಲ ಹಾಕೋಣ್ವಾ?” ಅಂದಳು. ಹಾಕಿದೆವು. ಅದೇ ಬಂತು. ಮುನ್ನೂರ ಹತ್ತು.

ಈಗ ಓದುಗರಿಗೆ ಕೇಳುತ್ತೇನೆ. ಬೋರಿನಲ್ಲಿ ಇರುವುದೇ ಎಂಬತ್ನಾಲ್ಕು. ಅವಳು ಬೋರಿನ ನೀರನ್ನೇ ಬಿಟ್ಟಿದ್ದರೆ ನಲ್ಲಿಯಲ್ಲಿ ಎಂಬತ್ನಾಲ್ಕು ಬರಬೇಕು. ಮುನ್ನೂರ ಹತ್ತು ಎಲ್ಲಿಂದ ಬಂತು? ಐದನೇ ಕ್ಲಾಸಿನ ಮಗು ಕೂಡ ಕೇಳುವ ಪ್ರಶ್ನೆ ಇದು. ಎಂ.ಎಸ್ಸಿ. ಮಾಡಿದ ನಾನು ಕೇಳಲಿಲ್ಲ. ಯಾವುದೋ ಹಳೇ ಬೋರಿನಿಂದ ತಂದು ಸುರಿದಿರಬೇಕು ಅಂತ ನಾನೇ ಒಂದು ಕತೆ ಕಟ್ಟಿಕೊಂಡು, ಅದನ್ನೇ ನಂಬಿ, ಮಧ್ಯಾಹ್ನ ಊಟಕ್ಕೂ ಏಳದೆ ವರದಿ ಬರೆದೆ. ‘ನಿರ್ವಾಹಕಿಯು ಶುದ್ಧೀಕರಿಸಿದ ನೀರನ್ನು ಕದ್ದು ಸಾಗಿಸಿ, ಸಾರ್ವಜನಿಕರಿಗೆ ಅಶುದ್ಧ ನೀರು ನೀಡಿ ವಂಚಿಸಿರುವುದು ಕಂಡುಬಂದಿದೆ.’ ಕಂಡುಬಂದಿದೆ! ಎಷ್ಟು ಸಲೀಸಾಗಿ ಬರೆದೆ ಆ ಪದವನ್ನು.

ಮೂರನೇ ದಿನ ಪಂಚಾಯಿತಿ ಕಚೇರಿಯ ಜಗುಲಿಯಲ್ಲಿ ಜನ ಸೇರಿಸಿ ಅಧ್ಯಕ್ಷರು ವರದಿಯನ್ನು ಗಟ್ಟಿಯಾಗಿ ಓದಿಸಿದರು. ನಾನೂ ಇದ್ದೆ, ಕುರ್ಚಿಯಲ್ಲಿ ಕೂತಿದ್ದೆ. ಪುಟ್ಟಮ್ಮಣ್ಣಿ ಕಂಬದ ಹತ್ತಿರ ನಿಂತಿದ್ದಳು. ‘ಕದ್ದು’ ಎಂಬ ಮಾತು ಬಂದಾಗ ಸೆರಗು ಬಿಗಿದು ಮುಂದೆ ಬಂದಳು.

“ನಾ ಏನ್ ಕದ್ದೆ? ಯಾರ ಮನ ಹಾಳ್ ಮಾಡ್ದೆ?”

“ಕುಂಬಳಕಾಯಿ ಕಳ್ಳ ಅಂದ್ರ ಎಗಲು ಮುಟ್ಟಿ ನೋಡ್ಕಂಡ್ಳಂತೆ,” ಅಂದರು ಅಧ್ಯಕ್ಷರು. ಜನ ನಕ್ಕರು.

ಅವಳು ಅವರ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು. “ಮೇಡಮ್ಮೋರೆ, ಇಷ್ಟ್ ಬರ್ದಿದ್ದೀರಿ. ನನ್ನ ಒಂದ್ ಮಾತ್ ಕೇಳುದ್ರಾ?”

“ನಿನ್ನನ್ನ ಕೇಳೋದೇನಿದೆ?” ಅಂದೆ. “ನೀರೇ ಹೇಳುತ್ತೆ.”

ಅವಳು ಸೊಂಟದಿಂದ ಘಟಕದ ಬೀಗದ ಕೈ ತೆಗೆದು ನನ್ನ ಕಾಲಿನ ಹತ್ತಿರ ಹಾಕಿದಳು. ಕೈಗೆ ಕೊಡಲಿಲ್ಲ. “ನಿಮ್ ಬಾಯ್ಗ ಬೆಂಕಿ ಬೀಳ,” ಅಂದು ಹೊರಟುಹೋದಳು. ವಾಪಸು ಬರುವಾಗ ಜೀಪಿನಲ್ಲಿ ನಾನು ಅವಳ ಸೊಕ್ಕಿನ ಬಗ್ಗೆ ನಂಜನಗೂಡಿನವರೆಗೂ ಬೈದುಕೊಂಡೇ ಬಂದೆ.

ನಾಗಭೂಷಣ ಹಳೆಯ ಕೊಳವೆಯನ್ನು ಪರೀಕ್ಷೆಗೆ ತೆಗೆದುಕೊಂಡು ಹೋಗಿ ಹೊಸದು ಕೂರಿಸಿದರು. ಅಧ್ಯಕ್ಷರ ನಾದಿನಿ ಕೆಲಸಕ್ಕೆ ಬಂದಳು. ಆಕೆ ನೆಲ ಗುಡಿಸುತ್ತಿದ್ದುದೇ ಅಪರೂಪ, ಕೊಳವೆಯ ಹತ್ತಿರವಂತೂ ಸುಳಿಯುತ್ತಿರಲಿಲ್ಲ. ಮೂರು ವಾರ ನಾನೇ ಸೋಮವಾರ ಸೋಮವಾರ ಹೋಗಿ ನೀರು ಹಿಡಿದೆ. ಆರು, ಐದು, ಆರು. ನೋಡಿದಿರಾ, ಕಳ್ಳಿ ಹೋದಳು, ನೀರು ಸರಿಯಾಯಿತು ಅಂತ ಲ್ಯಾಬಿನಲ್ಲಿ ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡೆ.

ನಾಲ್ಕನೇ ವಾರ ನಾಗಭೂಷಣ ಲ್ಯಾಬಿಗೇ ಬಂದರು. ಮೃದು ಮಾತಿನ ಮನುಷ್ಯ, ಆ ದಿನ ಮುಖ ಗಂಟಿಕ್ಕಿತ್ತು.

“ಮೇಡಂ, ಹಳೇ ಕೊಳವೆಯ ಮಣಿಗಳನ್ನ ಪರೀಕ್ಷೆ ಮಾಡ್ದೆ. ಅಷ್ಟು ವಾರ ಯುರೇನಿಯಂ ಹಿಡಿದಿದ್ದು ಅದರೊಳಗೇ ಇರಬೇಕು. ಹೆಚ್ಚುಕಮ್ಮಿ ಏನೂ ಇಲ್ಲ. ಹಾಳೆಗಳು ಹೊಸದರಂತೆ ಖಾಲಿ.”

“ಅದನ್ನೇ ನಾನೂ ಹೇಳಿದ್ದು. ಅವಳು ಕೊಳವೆಗೆ ನೀರೇ ಬಿಟ್ಟಿಲ್ಲ.”

“ನೀರು ಬಿಡದಿದ್ರೆ ನನ್ನ ಗುರುವಾರದ ಬಾಟಲಿಯಲ್ಲಿ ಆರು ಹೇಗೆ ಬಂತು? ನಿಮ್ಮ ಸೋಮವಾರದ ಬಾಟಲಿಯಲ್ಲಿ ಮುನ್ನೂರ ಹತ್ತು ಹೇಗೆ ಬಂತು? ಬೋರಿಗಿಂತ ಜಾಸ್ತಿ?” ಚೀಲದಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. “ಮಣಿಗಳ ಮೇಲೆ ಕಾರ್ಬೊನೇಟ್ ಇದೆ ಮೇಡಂ. ನಮ್ಮ ಲ್ಯಾಬಿನಲ್ಲಿ ತುಂಬಿದ ಹಾಳೆಗಳನ್ನ ಮತ್ತೆ ಖಾಲಿ ಮಾಡೋಕೆ ನಾವು ಹಾಕೋದೇ ಸೋಡಿಯಂ ಕಾರ್ಬೊನೇಟ್. ಅದು ಯುರೇನಿಯಮ್ಮನ್ನ ಹಾಳೆಯಿಂದ ಬಿಡಿಸಿಕೊಂಡು ನೀರಿಗೆ ತರುತ್ತೆ. ಯಾರೋ ನಮ್ಮ ಹಾಗೇ ತೊಳೆದಿದ್ದಾರೆ.”

ಸೋಡಿಯಂ ಕಾರ್ಬೊನೇಟ್ ಅಂದರೆ ಬೇರೇನಲ್ಲ. ಬಟ್ಟೆ ಒಗೆಯುವ ಸೋಡಾ, ಸಂತೆಯಲ್ಲಿ ಸಿಗುತ್ತದೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಆ ನಲ್ಲಿಗಳು ಕಣ್ಣ ಮುಂದೆ ಬಂದವು.

ಮಾರನೇ ದಿನ ಒಬ್ಬಳೇ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಅವಳ ಮನೆಗೆ ಹೋದೆ. ಜೀಪಿನಲ್ಲಿ ಹೋಗಲು ಮುಖ ಇರಲಿಲ್ಲ. ಪುಟ್ಟಮ್ಮಣ್ಣಿ ಪಡಸಾಲೆಯಲ್ಲಿ ಹುರುಳಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಡಲಿಲ್ಲ, ಕೂತುಕೊಳ್ಳಿ ಅನ್ನಲಿಲ್ಲ, ನೀರು ಬೇಕೇ ಅಂತಲೂ ಕೇಳಲಿಲ್ಲ. ನಮ್ಮ ಕಡೆ ಹಗೆ ಬಂದರೂ ಮೊದಲು ಒಂದು ಚೆಂಬು ನೀರು ಕೊಡುತ್ತಾರೆ. ಅವಳು ಕೊಡಲಿಲ್ಲ. ನಾನೇ ಬಾಗಿಲ ಬಳಿ ನಿಂತು ಕೇಳಿದೆ.

“ಕೊಳವೇನ ಯಾವುದರಲ್ಲಿ ತೊಳೀತಿದ್ದೆ?”

“ಈಗ ಕೇಳ್ತಿದ್ದೀರಾ?” ಹುರುಳಿ ಕೇರುತ್ತಲೇ ಇದ್ದಳು. “ಸೋಡಾದಲ್ಲಿ. ಬಾನುವಾರ ಸಂಜ ಮುಚ್ಚಳ ತಗ್ದು ಬಿಸ್ನೀರ್ಗ ಸೋಡಾ ಕಲ್ಸಿ ಉಯ್ದು ನೆನಿಯಾಕ ಬುಡ್ತಿದ್ದಿ. ಸೋಮಾರ ಶಿವನ ವಾರ ಅಲ್ವಾ, ಮನಲಿ ಪಾತ್ರ ಪಡ್ಗ ಎಲ್ಲ ತೊಳುದು ಮಡಿ ಮಾಡ್ಕತೀವಿ. ಊರೇ ಕುಡಿಯೋ ನೀರ್ನ ಕೊಳವ ಕೊಳ್ಕಾಗಿದ್ರ ಆದದಾ? ವಾರಕ್ಕೊಂದ್ ಸಲ ಚೆಂದಾಗಿ ತೊಳೀರಿ ಅಂತ ನಿಮ್ಮ ಕಾಗ್ದದಲ್ಲೇ ಬರ್ದಿತ್ತಲ್ಲ.”

ಬರೆದಿತ್ತು. ಯಾವುದರಿಂದ ತೊಳೆಯಬೇಕು ಅಂತ ಬರೆದಿರಲಿಲ್ಲ. ಬರೀ ನೀರಿನಿಂದ ಎಂಬುದು ನಮಗೆ ಎಷ್ಟು ಸಹಜವೋ, ಸೋಡಾ ಇಲ್ಲದೆ ‘ಚೆನ್ನಾಗಿ’ ತೊಳೆಯಲಾಗದು ಎಂಬುದು ಅವಳಿಗೆ ಅಷ್ಟೇ ಸಹಜ. ಸಹಿ ಹಾಕುವಾಗ ನನಗದು ಹೊಳೆಯಲಿಲ್ಲ.

“ಆ ಎರಡು ಕೊಡ?” ಅಂದೆ.

ಈಗ ಮೊರ ಕೆಳಗಿಟ್ಟಳು. “ತೊಳುದ್ ಮ್ಯಾಲ ಮೊದ್ಲು ಬರೋ ನೀರು ಸೋಡಾ ಸೋಡಾ ಅಂತದ. ಊರ್ಗ ಅದ್ನ ಕೊಡಾಕಾದದಾ? ಎಳೇ ಮಕ್ಕ ಕುಡಿತವ. ಸುರುದ್ಬುಡಾಕೂ ಮನ್ಸಾಗ್ನಿಲ್ಲ, ನೀರಿಗ ನಾವು ಪಟ್ಟ ಪಾಡು ನಿಮ್ಗೇನ್ ಗೊತ್ತು? ಅದ್ಕ ಮೊದ್ಲೆರ್ಡ್ ಕೊಡ ನಾನೇ ಒತ್ಕಬತ್ತಿದ್ದಿ. ನಾ ಒಬ್ಳೇ ಅಲ್ವಾ, ಎಂಗೋ ಕುಡ್ಕಂತಿದ್ದಿ.”

ವಾರವಿಡೀ ಹಾಳೆಗಳು ಹಿಡಿದಿಟ್ಟ ಊರಿನ ವಿಷವೆಲ್ಲ ಸೋಡಾಕ್ಕೆ ಬಿಟ್ಟುಕೊಂಡು ಇಳಿಯುತ್ತಿದ್ದುದು ಆ ಮೊದಲೆರಡು ಕೊಡಕ್ಕೇ. ನಾನು ಹಿಡಿದ ಮುನ್ನೂರ ಹತ್ತು ಅದರ ಬಾಲ ಮಾತ್ರ, ಊರಿನವರು ರುಚಿ ಕೆಟ್ಟಿದೆ ಅಂದದ್ದೂ ಆ ಬಾಲವನ್ನೇ. ತಲೆ ಇವಳ ಅಡಿಗೆಮನೆಯಲ್ಲಿತ್ತು. ನೀರು ಕದ್ದವಳು ಅಂತ ನಾನು ಬರೆದ ಹೆಂಗಸು ಊರಿಗೆ ಬೇಡದ ನೀರನ್ನು ತಾನು ಕುಡಿದಿದ್ದಳು. ಅವಳ ಗಂಡ ಕಿಡ್ನಿ ಕೆಟ್ಟು, ಮೈಸೂರಿಗೆ ಡಯಾಲಿಸಿಸ್‌ಗೆ ಓಡಾಡಿ ಓಡಾಡಿ ಸತ್ತಿದ್ದ. ಅದಕ್ಕೇ ಅವಳಿಗೆ ಆ ಘಟಕದ ಮೇಲೆ ಅಷ್ಟು ಪ್ರಾಣ. ಆ ತೇವದ ವಾಲ್ವು ದಿನಾ ಬೆಳಿಗ್ಗೆ ದನಕ್ಕೆ ನೀರು ಬಿಡುವುದಕ್ಕಷ್ಟೇ. ಇದೆಲ್ಲ ಊರಿನ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಮೂಲೆಯ ಹಂಡೆಯಲ್ಲಿ ಕೊನೆಯ ಸೋಮವಾರದ ನೀರು ಇನ್ನೂ ತಳದಲ್ಲಿತ್ತು. ಈಗ ದನಕ್ಕೆ ಕಲಗಚ್ಚು ಮಾಡಲು ಮಾತ್ರ ಅಂದಳು. ಬಾಟಲಿಗೆ ತುಂಬಿಕೊಂಡು, ಉಳಿದದ್ದನ್ನು ದನಕ್ಕೂ ಕೊಡಬೇಡ ಅಂತ ಕೈ ಮುಗಿದು ಬಂದೆ. ಆ ನೀರಿನ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಓದಿ ಯಾರಾದರೂ ಅವಳನ್ನು ಕೆಟ್ಟ ಕುತೂಹಲದಿಂದ ನೋಡುವುದು ನನಗೆ ಬೇಡ. ಮೈಸೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಬರುವುದಿಲ್ಲ ಅಂದವಳನ್ನು ನಾಗಭೂಷಣ ಕಾಡಿ ಬೇಡಿ ಒಪ್ಪಿಸಿದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು. ಕಿಡ್ನಿ ಸರಿಯಿದೆ, ಕುಡಿದದ್ದು ಕೆಲವೇ ವಾರವಾದ್ದರಿಂದ ಉಳಿದುಕೊಂಡರು, ಆರು ತಿಂಗಳಿಗೊಮ್ಮೆ ತೋರಿಸಿ ಅಂದರು ಡಾಕ್ಟರು. ನಾನು ಹೊರಗೆ ಬಂದು ಮರದ ಕೆಳಗೆ ನಿಂತು ಅತ್ತೆ. ಅವಳು ನೋಡಿದಳು, ನೋಡದ ಹಾಗೆ ಬಸ್‌ ಸ್ಟ್ಯಾಂಡಿನ ಕಡೆ ನಡೆದಳು.

ನನ್ನ ಮೇಲಧಿಕಾರಿಗಳು ಫೈಲು ಮುಚ್ಚಿದೆ, ಕೆದಕಬೇಡಿ, ನಿವೃತ್ತಿ ಹತ್ತಿರ ಇದೆ ಅಂದರು. ನಾನು ಎರಡನೇ ವರದಿ ಬರೆದೆ. ತಪ್ಪು ಸೂಚನಾ ಪತ್ರದ್ದು, ಅದಕ್ಕೆ ಸಹಿ ಹಾಕಿದವಳದ್ದು, ವಿಚಾರಿಸದೆ ಆರೋಪ ಬರೆದವಳದ್ದು ಅಂತ ನನ್ನ ಹೆಸರಿನ ಸಮೇತ ಬರೆದೆ. ಅಧ್ಯಕ್ಷರು ಅದನ್ನು ಓದಿಸಲು ಒಪ್ಪಲಿಲ್ಲ. “ಮುಗ್ದೋದ್ ಕತ ಬುಡಿ ಮೇಡಂ,” ಅಂದರು. ಅದೇ ಜಗುಲಿಯ ಮೇಲೆ, ಗ್ರಾಮಸಭೆಯ ದಿನ, ಯಾರ ಅಪ್ಪಣೆಯೂ ಇಲ್ಲದೆ ನಾನೇ ಎದ್ದು ನಿಂತು ಓದಿದೆ. ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ. ಯಾರೂ ನಗಲಿಲ್ಲ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಅನ್ನುತ್ತಾರಲ್ಲ, ಒಡೆದ ಮುತ್ತನ್ನು ಕೂಡಿಸಲು ನಿಂತವಳ ಹಾಗೆ ಒಂದೊಂದೇ ಪದ ಬಿಡಿಸಿ ಓದಿದೆ. ಊರಿನ ಹೆಂಗಸರೇ ಪಟ್ಟು ಹಿಡಿದು ಪುಟ್ಟಮ್ಮಣ್ಣಿಗೆ ಬೀಗದ ಕೈ ವಾಪಸು ಕೊಡಿಸಿದರು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಲ್ಯಾಬಿನವರಿಗೆ ಪ್ರಮಾಣಿಸುವುದು ಅಂದರೆ ಯಂತ್ರಕ್ಕೆ ಎರಡನೇ ಸಲ ಹಾಕುವುದು. ನಾನು ಎರಡನೇ ಸಲ ಹಾಕಿದ್ದೆ, ಯಂತ್ರ ಸುಳ್ಳು ಹೇಳಿರಲಿಲ್ಲ. ನೀರು ತನ್ನಲ್ಲಿ ಏನಿದೆ ಅಂತ ಮಾತ್ರ ಹೇಳುತ್ತದೆ, ಯಾಕಿದೆ ಅಂತ ಹೇಳುವುದಿಲ್ಲ. ಅದನ್ನು ಕೊಳವೆ ತೊಳೆಯುವವಳನ್ನೇ ಕೇಳಬೇಕು. ಕೇಳುವುದಕ್ಕೆ ಮೊದಲು ಚಪ್ಪಲಿ ಬಿಡಬೇಕು.

ನಿವೃತ್ತಿಯ ಹಿಂದಿನ ವಾರ ಕೊನೆಯ ತಪಾಸಣೆಗೆ ಹೋದೆ. ಅದೂ ಸೋಮವಾರವೇ. ಗೋಡೆಯ ಮೇಲೆ ಹೊಸ ಸೂಚನಾ ಪತ್ರ, ‘ಬರೀ ನೀರಿನಿಂದ ಮಾತ್ರ’ ಎಂಬುದು ಕೆಂಪು ಅಕ್ಷರದಲ್ಲಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಬಿಸಿಲಲ್ಲಿ ಬಂದಿದ್ದೆ, ಬಾಟಲಿ ತುಂಬಿಸಿ ಹೊರಡುವಾಗ ಬಾಯಿ ಬಿಟ್ಟು ಕೇಳಿದೆ.

“ಕುಡಿಯೋಕೆ ಒಂದು ಲೋಟ ನೀರು ಕೊಡ್ತೀಯಾ, ಪುಟ್ಟಮ್ಮಣ್ಣಿ?”

ಅವಳು ಲೋಟ ಎರಡು ಸಲ ತೊಳೆದು, ನಲ್ಲಿಗೆ ಹಿಡಿದು, ತುಂಬಿಸಿ ನನ್ನ ಮುಂದೆ ಚಾಚಿದಳು. ನಾನು ಕೈ ನೀಡಿದರೂ ಲೋಟ ಬಿಡಲಿಲ್ಲ. ಆ ಜಗುಲಿಯ ದಿನದ ಕಣ್ಣು ಹಾಗೇ ಇತ್ತು.

“ನೀರೇ ಯೋಳ್ತದ ಅಂದಿದ್ರಲ್ಲ ಮೇಡಮ್ಮೋರೆ,” ಅಂದಳು. “ನಂಜನಗೂಡ್ಗ ತಕ್ಕಂಡೋಗಿ ಅದ್ನ ಕೇಳ್ಬುಟ್ಟು ಕುಡಿತೀರಾ, ಇಲ್ಲಾ ಇಂಗೇ ಕುಡಿತೀರಾ?”

ನಿಂತಲ್ಲೇ ಕುಡಿದೆ. ತಳದವರೆಗೂ ಕುಡಿದು ಲೋಟ ವಾಪಸು ಕೊಟ್ಟೆ. ಅವಳು ಅದನ್ನು ತೊಳೆದು ಗೂಟಕ್ಕೆ ಸಿಕ್ಕಿಸಿ, ಸಾಲಿನಲ್ಲಿದ್ದ ಮುಂದಿನವರ ಕ್ಯಾನು ಹಿಡಿದಳು.